ಅರ್ಧ ವರ್ಷದ ಚೀಟಿ: ದಸರೆ ರಜೆ ಮುಗಿದ ಮೇಲೆ ಪಾಲಕರಿಗೆ ಏನು ಹೇಳುತ್ತೇವೆ, ಹೇಗೆ ಹೇಳುತ್ತೇವೆ

ಯಾದಗಿರಿ ಕಡೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ದಸರೆ ರಜೆ ಮುಗಿದ ವಾರದಲ್ಲೇ ಪಾಲಕರ ಕೈಗೆ ಒಂದು ಚೀಟಿ ಸೇರಬೇಕು, ಅದನ್ನು ರಜೆಗೆ ಮುಂಚೆಯೇ ಬರೆದಿಡುತ್ತೇವೆ. ಇಲ್ಲಿ ಅಕ್ಟೋಬರ್ ಕೊನೆಗೆ ಹತ್ತಿ ಬಿಡಿಸುವುದು ಶುರುವಾದರೆ ಅದರ ಬೆನ್ನಿಗೆ ತೊಗರಿ ರಾಶಿ, ಆಮೇಲೆ ಮೆಣಸಿನಕಾಯಿ. ಜನವರಿ ದಾಟುವವರೆಗೂ ಹಗಲು ಹೊತ್ತಿನಲ್ಲಿ ಮನೆಯಲ್ಲಿ ದೊಡ್ಡವರು ಸಿಗುವುದಿಲ್ಲ. ಹೊಲ ಇಲ್ಲದವರು ದೀಪಾವಳಿ ಮುಗಿಸಿ ಬೆಂಗಳೂರು, ಪುಣೆ, ಮುಂಬೈ ಎಂದು ಗುಳೆ ಹೊರಡುತ್ತಾರೆ. ಇಲಾಖೆಯ ಸುತ್ತೋಲೆಗಳು ಬಂದ ಹಾಗೆ ಪಾಲಕರಿಗೆ ದಾಟಿಸುತ್ತ ಹೋದರೆ ಅರ್ಧಕ್ಕರ್ಧ ಮನೆಗೆ ಬೀಗ ಬಿದ್ದ ಮೇಲೆ ಮುಖ್ಯ ವಿಷಯ ತಲುಪುತ್ತದೆ. ಹಾಗಾಗಿ ಚೀಟಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಊರಿನ ಬೆಳೆ ಮತ್ತು ಹಬ್ಬ ನೋಡಿ ಗೊತ್ತುಮಾಡಿಕೊಳ್ಳುತ್ತೇವೆ.

ಮೊದಲ ಸಾಲು ಯಾವಾಗಲೂ ಗುಳೆ ಹೋಗುವವರಿಗೆ. ಅದನ್ನು ಪುಸ್ತಕದ ಭಾಷೆಯಲ್ಲಿ ಬರೆಯುವುದಿಲ್ಲ, ಏಕೆಂದರೆ ಚೀಟಿಯನ್ನು ಮನೆಯಲ್ಲಿ ಓದಿ ಹೇಳುವುದು ನಾಲ್ಕನೇ ಅಥವಾ ಐದನೇ ತರಗತಿಯ ಮಗು. "ಪೋಷಕರು ವಲಸೆ ಪೂರ್ವದಲ್ಲಿ ಶಾಲೆಗೆ ಮಾಹಿತಿ ಒದಗಿಸತಕ್ಕದ್ದು" ಎಂದು ಬರೆದರೆ ಮಗು ತಡವರಿಸುತ್ತದೆ, ಕೇಳುವವರಿಗೂ ಅರ್ಥವಾಗುವುದಿಲ್ಲ. ನಾವು ಹೀಗೆ ಬರೆಯುತ್ತೇವೆ:

"ದೀಪಾವಳಿ ಆದಮ್ಯಾಲ ದುಡಿಯಾಕ ಹೋಗೋರು, ಹೋಗೋದಕ್ಕ ಒಂದು ವಾರ ಮೊದಲೇ ಸಾಲಿಗೆ (ಶಾಲೆಗೆ) ಬಂದು ಹೇಳ್ರಿ. ಮಕ್ಕಳನ್ನ ಅಜ್ಜಿ ಹತ್ರ ಬಿಟ್ಟು ಹೋಗೋರು ಅಜ್ಜಿ ಮನಿ ಫೋನ್ ನಂಬರ್ ಕೊಡ್ರಿ. ಕರಕೊಂಡು ಹೋಗೋರು ಯಾವ ಊರು, ಯಾವಾಗ ತಿರುಗಿ ಬರ್ತೀರಿ ಅನ್ನೋದು ಬರಸ್ರಿ. ಸುಗ್ಗಿ ಮುಗದ ಮ್ಯಾಲ ಬರೋರು ಟಿಸಿ ತಗೋಬ್ಯಾಡ್ರಿ."

ಕೊನೆಯ ಮಾತಿಗೆ ಕಾರಣವಿದೆ. ಎರಡು ಮೂರು ತಿಂಗಳಿಗೆಂದು ಹೋಗುವವರು ಟಿಸಿ ಒಯ್ದು, ಅಲ್ಲಿ ಯಾವ ಶಾಲೆಗೂ ಸೇರಿಸದೆ ಟ್ರಂಕಿನಲ್ಲಿ ಇಟ್ಟುಕೊಂಡರೆ ಮಗುವಿನ ಹೆಸರು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ ಎಂದಾಗುತ್ತದೆ. ಪೂರ್ತಿ ಊರು ಬಿಡುವವರಿಗೆ ಮಾತ್ರ ಟಿಸಿ. ಕರ್ನಾಟಕದೊಳಗೇ ಹೋಗುವುದಾದರೆ ಮಗುವಿನ ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ತಂತ್ರಾಂಶ) ಸಂಖ್ಯೆಯನ್ನು ಚೀಟಿಯ ಮೂಲೆಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇವೆ. ಆ ಸಂಖ್ಯೆ ಇದ್ದರೆ ಹೊಸ ಶಾಲೆಯವರು ಮಗುವಿನ ವಿವರ ಹುಡುಕಿಕೊಳ್ಳುತ್ತಾರೆ. ಮಹಾರಾಷ್ಟ್ರಕ್ಕೆ ಹೋಗುವವರಿಗೆ ಟಿಸಿ ಜೊತೆ ಅಂಕಪಟ್ಟಿಯ ನಕಲು, ಆಧಾರ್ ನಕಲು, ದೇಶದ ಶಾಲೆಗಳ ದಾಖಲೆ ವ್ಯವಸ್ಥೆಯಾದ ಯುಡೈಸ್‌ನಲ್ಲಿ ಮಗುವಿಗೆ ಕೊಟ್ಟ ಪೆನ್ ಸಂಖ್ಯೆ. ಟಿಸಿ ಬರುವುದು ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಇದನ್ನು ಬಾಯಿಮಾತಿನಲ್ಲಿ ಹೇಳಿ ಕಳಿಸುವುದಕ್ಕಿಂತ ಒಂದು ಸಾಲು ಬರೆದು ಸಹಿ, ಮೊಹರು ಹಾಕಿ ಕೊಟ್ಟರೆ ಅಲ್ಲಿ ಕೆಲಸಕ್ಕೆ ಬರುತ್ತದೆ.

ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ನಡೆಸುವ ಋತುಮಾನದ ಹಾಸ್ಟೆಲ್ ಕೇಳುವುದಕ್ಕೂ ಹೀಗೆ ಬರೆಸಿದವರ ಪಟ್ಟಿಯೇ ಆಧಾರ. ಊರಲ್ಲಿ ಉಳಿಯುವ ಮಕ್ಕಳು ಎಷ್ಟು ಎಂದು ಅಂದಾಜಿನಲ್ಲಿ ಬರೆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೆಸರು ಬೇಕು.

ಎರಡನೆಯದು ಕಾಗದಪತ್ರ. ಚೀಟಿಯಲ್ಲಿ ಹೆಚ್ಚು ಕೆಲಸ ತೆಗೆದುಕೊಳ್ಳುವ ಭಾಗ ಇದು, ಹೆಚ್ಚು ಕೆಡುವುದೂ ಇದೇ. ಸಾಮಾನ್ಯವಾಗಿ ಶಾಲೆಗಳು "ವಿದ್ಯಾರ್ಥಿವೇತನಕ್ಕೆ ಎಲ್ಲ ದಾಖಲೆ ತರಬೇಕು" ಎಂದು ಒಂದೇ ಸಾಲು ಎಲ್ಲರಿಗೂ ಕಳಿಸುತ್ತವೆ. ಎಲ್ಲ ಸರಿಯಿರುವವರು ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ನಿಜವಾಗಿ ಕೆಲಸ ಬಾಕಿ ಇರುವವರು ಇದು ತಮಗಲ್ಲ ಎಂದುಕೊಳ್ಳುತ್ತಾರೆ. ನಾವು ಸೆಪ್ಟೆಂಬರ್‌ನಲ್ಲೇ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಮಕ್ಕಳನ್ನು ಮೂರು ಪಟ್ಟಿ ಮಾಡುತ್ತೇವೆ: ಆದಾಯ ಪ್ರಮಾಣಪತ್ರದ ಅವಧಿ ಮುಗಿದವರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದವರು, ಶಾಲೆಯ ದಾಖಲೆಗೂ ಆಧಾರ್‌ಗೂ ಹೆಸರು ಇಲ್ಲವೆ ಹುಟ್ಟಿದ ತಾರೀಕು ತಾಳೆಯಾಗದವರು. ಯಾವ ಪಟ್ಟಿಯಲ್ಲೂ ಇಲ್ಲದ ಮಗುವಿನ ಚೀಟಿಯಲ್ಲಿ "ನಿಮ್ಮ ಕಾಗದ ಎಲ್ಲಾ ಸರಿ ಅದಾವ, ಎಲ್ಲೂ ಹೋಗಬ್ಯಾಡ್ರಿ" ಎಂದು ಬರೆಯುತ್ತೇವೆ. ಈ ಸಾಲನ್ನು ನೋಡಿ ಪಾಲಕರಿಗೆ ಆಗುವಷ್ಟು ಖುಷಿ ಅಂಕಪಟ್ಟಿ ನೋಡಿಯೂ ಆಗುವುದಿಲ್ಲ.

ಆದಾಯ ಪ್ರಮಾಣಪತ್ರದ ಆಯುಷ್ಯ 5 ವರ್ಷ. ಒಂದನೇ ತರಗತಿಗೆ ಸೇರಿಸುವಾಗ ಮಾಡಿಸಿದ್ದು ಆರನೇ ತರಗತಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಐದು ಮತ್ತು ಆರನೇ ತರಗತಿಯವರದನ್ನು ಒಂದೊಂದಾಗಿ ತೆಗೆದು ತಾರೀಕು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಇಲ್ಲದಿರುವುದರಿಂದ ಹಲವರು ಆದಾಯದ್ದಕ್ಕೂ ಇಲ್ಲವೆಂದೇ ತಿಳಿದಿರುತ್ತಾರೆ. ಚೀಟಿಯಲ್ಲಿ "ನಾಡಕಚೇರಿಗೆ ಅಥವಾ ಗ್ರಾಮ ಒನ್‌ಗೆ ಹೋಗಿ, ರೇಷನ್ ಕಾರ್ಡ್, ಆಧಾರ್, ಹಳೇ ಪ್ರಮಾಣಪತ್ರ ಒಯ್ಯಿರಿ, ಹೊಸದು ಬಂದ ಮೇಲೆ ಆರ್‌ಡಿ ನಂಬರ್ ನಮಗೆ ತೋರಿಸಿ" ಎಂದಿರಬೇಕು. ಆರ್‌ಡಿ ನಂಬರ್ ಎಂದರೆ ಪ್ರಮಾಣಪತ್ರದ ಮೇಲಿರುವ ಸಂಖ್ಯೆ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶಕ್ಕೆ ಬೇಕಾಗುವುದು ಅದೇ.

ಖಾತೆಯ ವಿಷಯದಲ್ಲಿ ಪಾಲಕರ ಉತ್ತರ ಒಂದೇ: "ಆಧಾರ್ ಕೊಟ್ಟೀವಲ್ರಿ ಸರ್, ಬ್ಯಾಂಕಿನ್ಯಾಗ." ಖಾತೆ ತೆರೆಯುವಾಗ ಆಧಾರ್ ನಕಲು ಕೊಟ್ಟಿರುತ್ತಾರೆ, ಅದು ನಿಜ. ಆದರೆ ವಿದ್ಯಾರ್ಥಿವೇತನ ಜಮೆಯಾಗಲು ಆ ಖಾತೆ ಎನ್‌ಪಿಸಿಐನಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಆಧಾರ್‌ಗೆ ಜೋಡಣೆಯಾಗಿರಬೇಕು, ಅದಕ್ಕೆ ಬ್ಯಾಂಕಿನಲ್ಲಿ ಬೇರೆಯೇ ಒಪ್ಪಿಗೆ ಅರ್ಜಿ ಕೊಡಬೇಕು. ಮಗುವಿಗೆ ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೆ ಹಣ ಬೀಳುತ್ತದೆ. ಪಾಲಕರು ಇನ್ನೊಂದು ಪಾಸ್‌ಬುಕ್ ಹಿಡಿದು ಬಂದು ದುಡ್ಡು ಬಂದಿಲ್ಲ ಎನ್ನುತ್ತಾರೆ. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದು ಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿದರೆ ಕಾಣುತ್ತದೆ. ಹಾಗಾಗಿ "ಆಧಾರ್‌ಗೆ ಕೊಟ್ಟ ನಂಬರಿನ ಫೋನ್ ತಗೊಂಡು ಬರ್ರಿ" ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು. ಆ ಫೋನು ಅಪ್ಪನ ಜೊತೆ ಪುಣೆಗೆ ಹೋದರೆ ಇಲ್ಲಿ ಕೂತವರು ಓಟಿಪಿಗಾಗಿ ದಿನಗಟ್ಟಲೆ ಫೋನ್ ಮಾಡುತ್ತಿರಬೇಕಾಗುತ್ತದೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರಬಹುದು, ಹಾಗಿದ್ದರೆ ಅದನ್ನೂ ಇದೇ ಭೇಟಿಯಲ್ಲಿ ಎಬ್ಬಿಸಿಕೊಂಡು ಬರಲು ಹೇಳುತ್ತೇವೆ.

ಇವೆಲ್ಲ ಹತ್ತಿ ಬಿಡಿಸುವ ಮೊದಲೇ ಆಗಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಬೆರಳು. ಒಡೆದ ಹತ್ತಿಕಾಯಿಯ ತೊಳೆಗಳ ತುದಿ ಒಣಗಿ ಮುಳ್ಳಿನಂತಿರುತ್ತದೆ. ವಾರಗಟ್ಟಲೆ ಬಿಡಿಸಿದ ತಾಯಂದಿರ ಬೆರಳ ತುದಿ ಗೀರಿ, ಒಡೆದು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ.

ಹೆಸರು ತಾಳೆಯಾಗದಿರುವುದು ನಿಧಾನದ ಕೆಲಸ. ಶಾಲೆಯಲ್ಲಿ ಬಸವರಾಜ, ಆಧಾರ್‌ನಲ್ಲಿ ಬಸಪ್ಪ. ಒಂದು ಕಡೆ ತಂದೆಯ ಹೆಸರು ಸೇರಿದೆ, ಇನ್ನೊಂದು ಕಡೆ ಅಡ್ಡಹೆಸರು. ಆಧಾರ್‌ನಲ್ಲಿ ಹೆಸರನ್ನು 2 ಸಲ, ಹುಟ್ಟಿದ ತಾರೀಕನ್ನು 1 ಸಲ ಮಾತ್ರ ಬದಲಿಸಲು ಬರುತ್ತದೆ. ಆತುರಕ್ಕೆ ಬಿದ್ದು ಯಾವುದೋ ಕೇಂದ್ರದಲ್ಲಿ ತಪ್ಪು ತಾರೀಕು ಹಾಕಿಸಿದರೆ ಮುಂದೆ ಬಹಳ ತೊಂದರೆ. ಜನನ ಪ್ರಮಾಣಪತ್ರ ನೋಡಿ, ಯಾವುದು ಸರಿ ಎಂದು ಮೊದಲು ಶಾಲೆಯಲ್ಲಿ ನಿರ್ಧರಿಸಿ, ಸರಿಯಾದ ಅಕ್ಷರಗಳನ್ನು ಚೀಟಿಯ ಹಿಂದೆ ಬರೆದು ಕಳಿಸುತ್ತೇವೆ. ಮಗುವಿಗೆ 5 ವರ್ಷ ತುಂಬಿದ ಮೇಲೆ ಒಮ್ಮೆ, 15 ತುಂಬಿದ ಮೇಲೆ ಒಮ್ಮೆ ಬೆರಳು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕೆಂಬ ನೆನಪನ್ನೂ ಅಲ್ಲೇ ಸೇರಿಸುತ್ತೇವೆ.

ಎಂಟನೇ ತರಗತಿಯ ಪಾಲಕರಿಗೆ ಮಾತ್ರ ಎನ್‌ಎಂಎಂಎಸ್ (ಬಡ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನ) ಪರೀಕ್ಷೆಯ ಚೀಟಿ ಬೇರೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಹಣದ ಮೊತ್ತವನ್ನು ಮೊದಲ ಸಾಲಿನಲ್ಲೇ ಬರೆದರೆ ಮಗುವನ್ನು ಸಂಜೆಯ ತರಗತಿಗೆ ಕಳಿಸುತ್ತಾರೆ. ಇದು ನಾಚಿಕೆಪಡುವ ವಿಷಯವೇನಲ್ಲ.

ಊಟ, ಆರೋಗ್ಯದ್ದು ಚಿಕ್ಕದು. ಕ್ಷೀರಭಾಗ್ಯದ ಹಾಲು 18 ಗ್ರಾಂ ಪುಡಿಗೆ 150 ಮಿಲಿಲೀಟರ್, ಖಾಲಿ ಹೊಟ್ಟೆಯಲ್ಲಿ ಕುಡಿದು ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ತಾಯಿ ನಸುಕಿಗೇ ಹೊಲಕ್ಕೆ ಹೋಗುವ ತಿಂಗಳುಗಳಲ್ಲಿ ಹೀಗಾಗುವುದು ಹೆಚ್ಚು. "ರಾತ್ರಿ ರೊಟ್ಟಿ ಒಂದು ಎತ್ತಿಟ್ಟು ಹೋಗ್ರಿ" ಎಂದಷ್ಟೇ ಬರೆಯುತ್ತೇವೆ. ಮೊಟ್ಟೆಯೋ ಬಾಳೆಹಣ್ಣೋ ಎಂಬುದನ್ನು ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಬರೆಸಿಕೊಳ್ಳಬೇಕು, ಮಗು ಹೇಳಿದ್ದನ್ನೇ ನಂಬಬಾರದು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಚಿಕ್ಕವರಿಗೆ ಗುಲಾಬಿ, ಹತ್ತು ವರ್ಷ ದಾಟಿದವರಿಗೆ ನೀಲಿ. ಮಲ ಕಪ್ಪಾಗುವುದು ಮಾತ್ರೆಯಿಂದ, ಗಾಬರಿ ಬೇಡ ಎಂಬ ಸಾಲು ಇರದಿದ್ದರೆ ಮರುವಾರ ಮಾತ್ರೆಯನ್ನು ಬೇಡವೆನ್ನುವವರು ಹೆಚ್ಚುತ್ತಾರೆ. ಫೆಬ್ರವರಿ 10ರ ಜಂತುಹುಳು ಮಾತ್ರೆಯ ನೆನಪೂ ಇಲ್ಲೇ.

ಹಾಜರಿಯ ಬಗ್ಗೆ ಬೆದರಿಕೆಯ ಮಾತು ಹಾಕುವುದಿಲ್ಲ. ಮಕ್ಕಳು ತಪ್ಪಿಸಿಕೊಳ್ಳುವ ಕಾರಣ ಎಲ್ಲ ಮನೆಯಲ್ಲೂ ಒಂದೇ ಅಲ್ಲ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಹೊಲಕ್ಕಿಂತ ಹೆಚ್ಚಾಗಿ ತಮ್ಮ, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಅಂಥ ಮನೆಗೆ ಬೇಕಾದದ್ದು ಅಂಗನವಾಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂಬ ಮಾಹಿತಿ, ಕಾರ್ಯಕರ್ತೆಯನ್ನು ಕೇಳಿ ಅದನ್ನು ಬರೆಯುತ್ತೇವೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಮಗು ಮನೆಯಲ್ಲೇ ಎಂದೂ ತಿಳಿಸಿದರೆ ಇಡೀ ದಿನ ತಪ್ಪಿಸುವುದು ಕಡಿಮೆಯಾಗುತ್ತದೆ. ಎಳ್ಳಮಾವಾಸ್ಯೆಗೆ ಚರಗ (ಭೂತಾಯಿಗೆ ಅರ್ಪಿಸುವ ಎಡೆ) ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ, ಆ ದಿನ ಪರೀಕ್ಷೆಯನ್ನೂ ಸಭೆಯನ್ನೂ ಇಡುವುದಿಲ್ಲ.

ಇನ್ನು ತಲುಪಿಸುವುದು. ಎ4 ಹಾಳೆಯಲ್ಲಿ ಎರಡು ಚೀಟಿ, ಅಕ್ಷರದ ಗಾತ್ರ 16ಕ್ಕೆ ಕಡಿಮೆ ಬೇಡ, ಅಡುಗೆಮನೆಯ ಬೆಳಕಿನಲ್ಲೂ ಓದಲು ಬರಬೇಕು. ಬಿಡಿ ಚೀಟಿ ಚೀಲದಲ್ಲೇ ಹರಿದುಹೋಗುತ್ತದೆ, ಹಾಗಾಗಿ ಕನ್ನಡ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ತರಗತಿಯಲ್ಲೇ ಗೋಂದು ಹಚ್ಚಿಸುತ್ತೇವೆ. ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿಯೇ ಮನೆಗೆ ಕಳಿಸುವುದು, ಎಲ್ಲಿ ತಡವರಿಸುತ್ತಾರೋ ಆ ಪದ ಬದಲಿಸುತ್ತೇವೆ. ವಾಟ್ಸಾಪ್ ಗುಂಪಿಗೆ ಅಕ್ಷರಕ್ಕಿಂತ ಧ್ವನಿ ಸಂದೇಶ ಮೇಲು, ಒಂದು ನಿಮಿಷ ದಾಟಬಾರದು, ಒಂದಕ್ಕೆ ಒಂದೇ ಕೆಲಸ. ಆದರೆ ಗುಂಪಿನಲ್ಲಿರುವ ನಂಬರ್ ಬಹುಪಾಲು ಅಪ್ಪಂದಿರದು, ಕಾಗದ ಹಿಡಿದು ಓಡಾಡುವವರು ಗುಂಡಿ ಫೋನಿನ ತಾಯಂದಿರು. ಅದಕ್ಕೇ ಹಾಜರಿ ಪುಸ್ತಕದ ಪಕ್ಕದ ನೋಂದಣಿಯಲ್ಲಿ "ಮನೆಯಲ್ಲೇ ಇರುವ ಫೋನ್" ಎಂಬ ಬೇರೆ ಕಾಲಂ. ಪಂಚಾಯಿತಿ ಕಸದ ಗಾಡಿಯ ಮೈಕಿನಲ್ಲಿ ಬೆಳಿಗ್ಗೆ ಆರೂವರೆಗೆ ಒಂದೆರಡು ಮಾತು ಹಾಕಿಸಿದರೆ ಹೊಲಕ್ಕೆ ಹೊರಡುವ ಮುಂಚೆ ಕಿವಿಗೆ ಬೀಳುತ್ತದೆ. ಸಭೆ ಕರೆಯುವುದಾದರೆ ಸಂಜೆ ಆರರ ಮೇಲೆ. ಮಧ್ಯಾಹ್ನ ಕರೆದರೆ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಬಿಟ್ಟು ಬೇರೆ ಯಾರೂ ಬರುವುದಿಲ್ಲ.

ಚೀಟಿಯ ಕೆಳಗೆ ಕತ್ತರಿಸಿ ಕೊಡುವ ತುಂಡು ಇರುತ್ತದೆ: ಮಗುವಿನ ಹೆಸರು, "ಓದಿಸಿ ಕೇಳಿದೆವು", ಸಹಿ ಅಥವಾ ಹೆಬ್ಬೆಟ್ಟು. ವಾಪಸ್ ಬಂದ ತುಂಡುಗಳನ್ನು ತರಗತಿವಾರು ದಾರಕ್ಕೆ ಪೋಣಿಸಿ ಇಡುತ್ತೇವೆ. ವಾರದ ಕೊನೆಗೆ ಬಾರದೆ ಉಳಿದ ಹೆಸರುಗಳನ್ನು ಓಣಿವಾರು ಬರೆದುಕೊಂಡು, ಯಾವ ಶಿಕ್ಷಕರು ಯಾವ ಓಣಿಯ ದಾರಿಯಲ್ಲಿ ಮನೆಗೆ ಹೋಗುತ್ತಾರೋ ಅವರಿಗೆ ಹಂಚುತ್ತೇವೆ. ಆಧಾರ್ ಜೋಡಣೆಯ ಪಟ್ಟಿಯಲ್ಲಿರುವವರ ಮನೆಗೆ ಮೊದಲು, ಉಳಿದವರ ಮನೆಗೆ ಆಮೇಲೆ. ಬೀಗ ಹಾಕಿದ ಮನೆಯಾದರೆ ಪಕ್ಕದ ಮನೆಯವರಿಂದ ನಂಬರ್ ಪಡೆದು ಗುಳೆಯ ಪಟ್ಟಿಗೆ ಸೇರಿಸುತ್ತೇವೆ.