ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಪಾಠ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ನಮ್ಮ ಊರಿಗೆ ಹೊಂದಿಕೊಂಡಿರುವ ಲಂಬಾಣಿ ತಾಂಡಾದಲ್ಲಿ ನಾನು 2020ರಿಂದ ಸಂಜೆಯ ಪಾಠ ನಡೆಸುತ್ತಿದ್ದೇನೆ. ಬಿ.ಇಡಿ. ಮುಗಿಸಿ ಮನೆಯ ಹೊಲ ನೋಡಿಕೊಂಡಿದ್ದ ಆ ವರ್ಷದ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮನೆಯಲ್ಲಿ ಮೊಬೈಲ್ ಇಲ್ಲದ ಮಕ್ಕಳು ಕಲಿತದ್ದನ್ನು ದಿನದಿನಕ್ಕೆ ಮರೆಯುತ್ತಿರುವುದನ್ನು ಕಂಡು, ಅವರನ್ನು ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡೆ. ಶಾಲೆ ಮತ್ತೆ ತೆರೆದಾಗ ನಿಲ್ಲಿಸುವ ವಿಚಾರವಿತ್ತು. ಆದರೆ ನಾಲ್ಕನೆಯ ತರಗತಿಗೆ ಬಂದಿದ್ದ ಹಲವರಿಗೆ ತಮ್ಮ ಹೆಸರಿನ ಹೊರತು ಬೇರೇನೂ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದು ತಪ್ಪು. ಪಠ್ಯಪುಸ್ತಕದ ಪಾಠಗಳನ್ನು ಶಾಲೆಯ ಕ್ರಮದಲ್ಲೇ ಮುಂದುವರಿಸುತ್ತಿದ್ದೆ. ಜೂನ್‌ನಲ್ಲಿ 22 ಮಕ್ಕಳಿದ್ದ ಕಟ್ಟೆಯ ಮೇಲೆ ಡಿಸೆಂಬರಿಗೆ ಏಳು ಮಕ್ಕಳು ಉಳಿದಾಗ, ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ನೊಂದುಕೊಂಡೆ. ಎರಡನೆಯ ವರ್ಷವೂ ಹಾಗೆಯೇ ಆದ ಮೇಲೆ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆ. ದೀಪಾವಳಿ ಮುಗಿದ ವಾರದಿಂದ ಸಂಕ್ರಾಂತಿ ದಾಟುವವರೆಗೆ ಖಾಲಿ ಬಿದ್ದಿದ್ದ ಹೆಸರುಗಳೆಲ್ಲ ಎರಡು ಬಗೆಯ ಮನೆಗಳವು: ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋದ ಮನೆಗಳು, ಇಲ್ಲವೇ ಊರಲ್ಲೇ ಉಳಿದು ಹತ್ತಿ ಬಿಡಿಸಲು ಹೋಗುವ ಮನೆಗಳು. ಮಕ್ಕಳು ದಡ್ಡರಾಗಿರಲಿಲ್ಲ, ಪ್ರತಿ ವರ್ಷ ಅದೇ ಮೂರು ತಿಂಗಳ ಪಾಠ ಅವರಿಗೆ ತಪ್ಪುತ್ತಿತ್ತು, ಆ ಪಾಠವಿಲ್ಲದೆ ಮುಂದಿನದು ಅರ್ಥವಾಗುತ್ತಿರಲಿಲ್ಲ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ, ಶಾಲೆಯ ಹೊತ್ತಿನ ಹೊರಗೆ ತಮ್ಮ ಮನೆಯ ಹೊಲದಲ್ಲಿ ನೆರವಾಗುವುದಕ್ಕೆ ವಿನಾಯಿತಿಯಿದೆ. ಇದನ್ನು ನಾನು ಮನೆಮನೆಗೆ ಹೋಗಿ ಹೇಳಿದೆ. ಮರುದಿನದಿಂದ ಮಕ್ಕಳನ್ನು ಬೆಳಕು ಹರಿಯುವ ಮೊದಲೇ, ಯಾರ ಕಣ್ಣಿಗೂ ಬೀಳದಂತೆ ಟಂಟಂ ಆಟೊ ಹತ್ತಿಸತೊಡಗಿದರು. ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದನ್ನು ಹೇಳಿ ಹಿಂದಿರುಗಿದ ನಾನು ಆ ಮನೆಯ ಕೂಲಿಯ ವಿಚಾರವನ್ನು ಕೇಳಿಯೇ ಇರಲಿಲ್ಲ.

ದಾರಿ ತೋರಿಸಿದ್ದು ಒಂದು ಅಕ್ಷರ ಪಾಠ. ಸರ್ಕಾರಿ ಶಾಲೆಯ ಸಣ್ಣ ತರಗತಿಗಳಲ್ಲಿ ಕಲಿಸುವ ನಲಿಕಲಿಯ ಕ್ರಮದಲ್ಲಿ ಮೊದಲು ಬರುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಈ ಐದನ್ನು ಗುರುತಿಸಿದ ಮಗು ಕಾಗುಣಿತದ ತೊಡಕಿಲ್ಲದೆ ಸರ, ಅರಸ, ಗರಗಸ ಎಂದು ಓದಬಲ್ಲದು. ಒಂದು ಸಂಜೆ ಹಲಗೆಯ ಮೇಲೆ ‘ದರ’ ಎಂದು ಬರೆದಾಗ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, ಆ ವಾರ ಹತ್ತಿ ಬಿಡಿಸಲು ಕೆಜಿಗೆ ಎಷ್ಟು ದರ ಕೊಡುತ್ತಿದ್ದಾರೆಂದು ಹೇಳಿದಳು. ತನ್ನ ತಾಯಿ ದಿನಕ್ಕೆ ಎಷ್ಟು ಕೆಜಿ ಬಿಡಿಸುತ್ತಾಳೆಂಬುದೂ ಅವಳಿಗೆ ಗೊತ್ತಿತ್ತು, ಗುಣಿಸುವುದು ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ದೊಡ್ಡ ಮಕ್ಕಳಿಗೆಲ್ಲ ಒಂದೊಂದು ಸಣ್ಣ ನೋಟ್‌ಬುಕ್ ಕೊಟ್ಟು, ಮನೆಯವರು ಬಿಡಿಸಿದ ಹತ್ತಿಯ ತೂಕ, ದರ ಮತ್ತು ಬಂದ ಕೂಲಿಯನ್ನು ದಿನವೂ ಬರೆದು ತರಲು ಹೇಳಿದೆ. ವಾರದ ಕೊನೆಗೆ ಆ ಹುಡುಗಿಯ ಮನೆಯ ಲೆಕ್ಕದಲ್ಲಿ ಎರಡು ದಿನದ ಕೂಲಿ ಬಾರದೆ ಉಳಿದಿರುವುದು ತಿಳಿಯಿತು. ತಾಯಿ ನೋಟ್‌ಬುಕ್ ಹಿಡಿದು ಹೊಲದವರನ್ನು ಕೇಳಿದಳು, ಹಣ ಬಂತು. ಆಮೇಲೆ ನಾನು ಯಾರ ಮನೆಗೂ ಹೋಗಿ ಕಾನೂನು ಹೇಳಬೇಕಾಗಲಿಲ್ಲ. ‘ನಮ್ಮ ಹುಡುಗಿಗೂ ಲೆಕ್ಕ ಬರಿಯಾಕ ಕಲಸ್ರಿ ಸರ್’ ಎಂದು ತಾಯಂದಿರೇ ಕರೆತಂದರು, ಕಲಿಯಬೇಕಾದ ಮಗುವನ್ನು ಹಗಲಿನ ಶಾಲೆಗೂ ಕಳಿಸಿದರು. ಎಲ್ಲರೂ ಕಳಿಸಿದರೆಂದು ಹೇಳಲಾರೆ, ಆದರೆ ಮುಂದಿನ ಡಿಸೆಂಬರಿನಲ್ಲಿ ಕಟ್ಟೆಯ ಮೇಲೆ 15 ಮಕ್ಕಳಿದ್ದರು.

ಗುಳೆ ಹೋಗುವ ಮನೆಗಳ ಮಾತು ಬೇರೆ. ಅಲ್ಲಿ ಮಗು ಉಳಿಯಬೇಕಾದರೆ ಅಜ್ಜಿ ಒಪ್ಪಬೇಕು. ಕಣ್ಣು ಮಂಜಾದ, ಒಲೆಯ ಮುಂದೆ ಕೂಡಲಾರದ ಮುದುಕಿಗೆ ಇಬ್ಬರು ಮೊಮ್ಮಕ್ಕಳನ್ನು ತಿಂಗಳುಗಟ್ಟಲೆ ನೋಡಿಕೊಳ್ಳಿರೆಂದು ಹೇಳುವುದು ಸುಲಭವಲ್ಲ. ಈ ಹೊರೆಯನ್ನು ಹಗುರ ಮಾಡಿದವರು ಶಾಲೆಯಲ್ಲಿ ಬಿಸಿಯೂಟ ಮಾಡುವ ನಮ್ಮೂರಿನ ಅಕ್ಕ. ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ಆದರೆ ಅದು ಮಧ್ಯಾಹ್ನದ ಊಟ, ರಾತ್ರಿಯದಲ್ಲ. ಅಜ್ಜಿಯೊಂದಿಗೆ ಉಳಿದ ಮಕ್ಕಳಿಗೆ ಅಕ್ಕ ತಮ್ಮ ಮನೆಯಲ್ಲಿ ರೊಟ್ಟಿ ಬಡಿದು ಕಟ್ಟೆಗೆ ತರುತ್ತಾರೆ. ಹಿಟ್ಟನ್ನು ಊರಿನ ನಾಲ್ಕು ಮನೆಯವರು ಕೊಡುತ್ತಾರೆ. ನಾನು ಪಾಠ ಮಾಡುತ್ತೇನೆಂದು ಜನ ನನ್ನನ್ನು ಹೊಗಳುತ್ತಾರೆ, ಆದರೆ ಆ ರೊಟ್ಟಿಯಿಲ್ಲದಿದ್ದರೆ ಪಾಠ ಕೇಳಲು ಆ ಮಕ್ಕಳು ಊರಿನಲ್ಲೇ ಇರುತ್ತಿರಲಿಲ್ಲ.

ಸಣ್ಣ ಮಕ್ಕಳ ತೊಡಕು ಭಾಷೆಯದು. ಮನೆಯಲ್ಲಿ ಅವರು ಆಡುವುದು ಲಂಬಾಣಿ. ನೀರು ಪಾಣಿ, ರೊಟ್ಟಿ ಬಾಟಿ, ತಾಯಿ ಯಾಡಿ. ಚಿತ್ರ ತೋರಿಸಿ ಮೊದಲು ಅವರ ಮಾತನ್ನು ಹೇಳಿಸಿ, ಆಮೇಲೆ ಕನ್ನಡದ ಪದ ಬರೆಯುವುದನ್ನು ನಾನು ಅವರಿಂದಲೇ ಕಲಿತೆ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನೂ ಮುಟ್ಟಿರಲಿಲ್ಲ, ಆಗ ರಾಜ್ಯದ ಪ್ರಮಾಣ 75 ದಾಟಿತ್ತು. ಸಂವಿಧಾನದ 371(ಜೆ) ಕಲಮಿನಿಂದ ನಮ್ಮ ಭಾಗದವರಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ದೊರೆತಿರುವುದು ದೊಡ್ಡ ಸಂಗತಿ. ಆದರೆ ನಾಲ್ಕನೆಯ ತರಗತಿಯಲ್ಲೇ ಶಾಲೆ ಬಿಟ್ಟ ಮಗುವಿಗೆ ಅದು ಎಂದೂ ತಲುಪುವುದಿಲ್ಲ.

ಕೂಲಿಯ ಲೆಕ್ಕ ಬರೆದ ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ವಾರಕ್ಕೆ ಮೂರು ಸಂಜೆ ಕಟ್ಟೆಗೆ ಬಂದು ಸಣ್ಣವರಿಗೆ ರ, ಗ, ಸ, ದ, ಅ ತಿದ್ದಿಸುತ್ತಾಳೆ; ಲಂಬಾಣಿಯಲ್ಲೇ ಹೇಳಿಕೊಡುವುದರಿಂದ ಅವಳ ಸುತ್ತ ಕೂರುವ ಮಕ್ಕಳು ನನ್ನ ಸುತ್ತ ಕೂರುವವರಿಗಿಂತ ಬೇಗ ಕಲಿಯುತ್ತಾರೆ. ಈ ದೀಪಾವಳಿಗೆ ಗುಳೆ ಹೊರಡಲಿರುವ ಒಂಬತ್ತು ಮನೆಗಳ ಪಟ್ಟಿಯನ್ನು ಅವಳೇ ಬರೆದುಕೊಟ್ಟಿದ್ದಾಳೆ, ಯಾವ ಮನೆಯಲ್ಲಿ ಅಜ್ಜಿ ಉಳಿಯುತ್ತಾಳೆಂಬ ಗುರುತಿನೊಂದಿಗೆ. ನಾಳೆ ಸಂಜೆಯಿಂದ ಅಕ್ಕ ಮತ್ತು ನಾನು ಆ ಮನೆಗಳಿಗೆ ಹೋಗುತ್ತೇವೆ.