ಗೋಡೆಯ ಕ್ಯಾಲೆಂಡರ್ ನೋಡಿ ನಕ್ಷತ್ರ ಗುರುತಿಸುವುದು: ಮುಂಬೈ, ಪುಣೆಯ ಟೆರೇಸಿನಿಂದ

ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ನಕ್ಷತ್ರದ ಹೆಸರು ಇರುತ್ತದಲ್ಲ, ಅದು ಆ ದಿನ ಚಂದ್ರನಿರುವ ವಿಳಾಸ. ಚಂದ್ರ ಆಕಾಶವನ್ನು ಒಂದು ಸುತ್ತು ಹಾಕಲು ಸುಮಾರು 27.3 ದಿನ ಬೇಕು. ಆ ದಾರಿಯನ್ನು ಹಿರಿಯರು 27 ಪಾಲು ಮಾಡಿ, ಪ್ರತಿ ಪಾಲಿಗೂ ಒಂದು ನಕ್ಷತ್ರದ ಹೆಸರಿಟ್ಟರು. ಹೀಗಾಗಿ ಚಂದ್ರ ಸಿಕ್ಕರೆ ನಕ್ಷತ್ರವೂ ಸಿಗುತ್ತದೆ. ಆ್ಯಪ್ ಇಲ್ಲದೆ ಆಕಾಶ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅಳತೆಗೆ ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ನೀಡಿ, ಒಂದು ಕಣ್ಣು ಮುಚ್ಚಿ ನೋಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ದಿಗಂತದಿಂದ ನೆತ್ತಿಯವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಿ, ಒಂಬತ್ತು ಹಿಡಿಸಬೇಕು. ಹನ್ನೊಂದೋ ಹನ್ನೆರಡೋ ಆದರೆ ನೆತ್ತಿಯನ್ನು ದಾಟಿ ಹಿಂದಕ್ಕೆ ಹೋಗಿದ್ದೀರಿ. ಏಳಕ್ಕೇ ಮುಗಿದರೆ ಮೊಣಕೈ ಮಡಚಿದ್ದೀರಿ.

ಟೆರೇಸಿನಲ್ಲಿ ನೀರಿನ ಟಾಕಿಯ ನೆರಳು ಹುಡುಕಿ. ಬೀದಿದೀಪ ನೇರ ಕಣ್ಣಿಗೆ ಬೀಳದಿದ್ದರೆ ಅರ್ಧ ಕೆಲಸ ಆದಂತೆ. ಕಣ್ಣು ಕತ್ತಲೆಗೆ ಹೊಂದಲು 20 ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ. ಬೆಳಕು ಬೇಕೇ ಬೇಕೆಂದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ.

ಆರಂಭಕ್ಕೆ ರೋಹಿಣಿ ಒಳ್ಳೆಯದು. ಫೆಬ್ರವರಿಯಲ್ಲಿ ಶುಕ್ಲಪಕ್ಷದ ಅಷ್ಟಮಿ, ನವಮಿಯ ಆಸುಪಾಸು ಕ್ಯಾಲೆಂಡರಿನಲ್ಲಿ ರೋಹಿಣಿ ಬರುತ್ತದೆ. ಆ ಸಂಜೆ ಏಳೂವರೆ, ಎಂಟಕ್ಕೆ ಚಂದ್ರ ನೆತ್ತಿಯ ಹತ್ತಿರ ಇರುತ್ತಾನೆ. ಅವನಿಂದ ಒಂದು ಮುಷ್ಟಿಯ ಆಸುಪಾಸಿನಲ್ಲಿ ಕಿತ್ತಳೆ ಬಣ್ಣದ ಪ್ರಕಾಶಮಾನ ಚುಕ್ಕೆ ಕಂಡರೆ ಅದೇ ರೋಹಿಣಿ.

ಇಲ್ಲಿ ಹೆಚ್ಚಿನವರು ಎಡವುವುದು ಸಮಯದಲ್ಲಿ. ಕ್ಯಾಲೆಂಡರಿನಲ್ಲಿರುವುದು ಸೂರ್ಯೋದಯದ ಹೊತ್ತಿನ ನಕ್ಷತ್ರ. ‘ರೋಹಿಣಿ ಮಧ್ಯಾಹ್ನ 2.10ರವರೆಗೆ’ ಎಂದಿದ್ದರೆ ರಾತ್ರಿಗೆ ಚಂದ್ರ ಮೃಗಶಿರಾ ಪಾಲಿಗೆ ಹೋಗಿರುತ್ತಾನೆ. ಊರಿನ ಪಂಚಾಂಗ ಘಳಿಗೆಯಲ್ಲಿ ಕೊಟ್ಟಿದ್ದರೆ ಒಂದು ಘಳಿಗೆಗೆ 24 ನಿಮಿಷದಂತೆ ಸೂರ್ಯೋದಯದಿಂದ ಎಣಿಸಿ.

ಎಲ್ಲ ನಕ್ಷತ್ರವೂ ಚಂದ್ರನ ಪಕ್ಕದಲ್ಲೇ ಸಿಗುತ್ತದೆಂದು ನಂಬಬೇಡಿ. ಕೃತ್ತಿಕಾ, ರೋಹಿಣಿ, ಮಘಾ, ಚಿತ್ತಾ ಈ ನಾಲ್ಕೂ ಚಂದ್ರನ ದಾರಿಗೆ ಅಂಟಿಕೊಂಡೇ ಇವೆ. ಸ್ವಾತಿ ಆ ದಾರಿಯಿಂದ ಮೂರು ಮುಷ್ಟಿ ಉತ್ತರಕ್ಕಿದೆ, ಶ್ರವಣವೂ ಹೆಚ್ಚುಕಡಿಮೆ ಅಷ್ಟೇ ದೂರ. ಆರ್ದ್ರಾ ಒಂದೂವರೆ ಮುಷ್ಟಿ ದಕ್ಷಿಣಕ್ಕೆ. ಪುಷ್ಯ ತೀರಾ ಮಂದ, ನಗರದಲ್ಲಿ ಕಾಣುವುದೇ ಇಲ್ಲ. ಹುಣ್ಣಿಮೆಯ ಹತ್ತಿರ ಕೃತ್ತಿಕೆಯ ಪುಂಜವೂ ಬೆಳದಿಂಗಳಲ್ಲಿ ಮುಳುಗಿಹೋಗುತ್ತದೆ. ಅದಕ್ಕೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಬೇಕು, ಮೊಣಕೈ ಕಟ್ಟೆಯ ಮೇಲೆ ಊರಿ ನೋಡಿದರೆ ಚಿತ್ರ ಅಲ್ಲಾಡುವುದಿಲ್ಲ.

ರೋಹಿಣಿ ಒಮ್ಮೆ ಸಿಕ್ಕಿತೆಂದರೆ ಮುಂದೆ ಚಂದ್ರನ ಹಂಗಿಲ್ಲ. ಅಲ್ಲಿಂದ ಆಗ್ನೇಯಕ್ಕೆ ಸುಮಾರು ಎರಡು ಮುಷ್ಟಿ ಸರಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ. ಅದೇ ಗೆರೆಯಲ್ಲಿ ಇನ್ನೆರಡು ಮುಷ್ಟಿ ಹೋದರೆ ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶಮಾನ. ಲುಬ್ಧಕನಿಂದ ಕೆಳಗೆ ಮೂರೂವರೆ ಮುಷ್ಟಿಗೆ ಅಗಸ್ತ್ಯ. ಫೆಬ್ರವರಿ ನಡುವೆ ರಾತ್ರಿ ಒಂಬತ್ತೂವರೆಗೆ ಅದು ನೇರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಿರುತ್ತದೆ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಬರುವುದರಿಂದ ಒಂದು ವಾರದ ಬಳಿಕ ಒಂಬತ್ತಕ್ಕೇ ನೋಡಬೇಕು. ಮುಂಬೈಯಲ್ಲಿ ಆ ಎತ್ತರವೂ 18 ಡಿಗ್ರಿಯಷ್ಟೇ, ಗೋವಾದಲ್ಲಿ ಸುಮಾರು 22. ಮುಂಬೈಯ ಚಳಿಗಾಲದ ಹೊಗೆಮಂಜಿನಲ್ಲಿ ಅದು ಕೆಂಪಾಗಿ ಮಿನುಗುತ್ತದೆ, ದಕ್ಷಿಣಕ್ಕೆ ಟವರ್ ಎದ್ದಿದ್ದರೆ ಕಾಣುವುದೇ ಇಲ್ಲ. ಧ್ರುವನ ಲೆಕ್ಕ ಇದಕ್ಕೆ ಉಲ್ಟಾ: ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರ, ಪುಣೆಯಲ್ಲಿ 18.5, ಪಣಜಿಯಲ್ಲಿ 15.5.

ಜೂನ್ ಎರಡನೇ ವಾರ ಮೃಗಶಿರಾ ಮಳೆ ಶುರುವಾದಾಗ ಆ ನಕ್ಷತ್ರವನ್ನು ಹುಡುಕಿ ಪ್ರಯೋಜನವಿಲ್ಲ. ಮಳೆನಕ್ಷತ್ರದ ಲೆಕ್ಕ ಸೂರ್ಯನದು. ಆಗ ಮೃಗಶಿರಾ ಪಾಲಿನಲ್ಲಿ ಸೂರ್ಯನೇ ಇರುತ್ತಾನೆ, ನಕ್ಷತ್ರ ಅವನ ಜೊತೆ ಹಗಲಲ್ಲೇ ಹುಟ್ಟಿ ಮುಳುಗುತ್ತದೆ. ಆರು ತಿಂಗಳು ಬಿಟ್ಟು ಡಿಸೆಂಬರ್ ನಡುವೆ ರಾತ್ರಿ ಎಂಟಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೃಗಶಿರೆಯ ಹತ್ತಿರದ ಆ ಮೂರು ನಕ್ಷತ್ರಗಳ ಸಾಲು ದಿಗಂತದಿಂದ ಎರಡು ಮುಷ್ಟಿ ಎತ್ತರದಲ್ಲಿ ನೆಟ್ಟಗೆ ನಿಂತಿರುತ್ತದೆ. ಅದರ ಎಡಕ್ಕೆ ಒಂದು ಮುಷ್ಟಿಯಷ್ಟರಲ್ಲಿ ಕೆಂಪಗೆ ಕಾಣುವುದು ಆರ್ದ್ರಾ.