ನೋಡಿದ್ದು, ಕೇಳಿದ್ದು, ಹೇಳಿದ್ದು

ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ತೆರಿಗೆ ಸಲಹೆಗಾರ. ಆದರೆ ನಮ್ಮ ದಾವಣಗೆರೆಯಲ್ಲಿ ರಿಟರ್ನ್ ತುಂಬಿಕೊಡುವವರೆಲ್ಲರೂ ‘ಆಡಿಟರ್ ಸಾಹೇಬರೇ’. ಬಹಳ ವರ್ಷ ಸಲಹೆಯನ್ನು ಬಾಯಿಮಾತಿನಲ್ಲೇ ಕೊಟ್ಟೆ. ಲೆಕ್ಕದ ಹಾಳೆಗಳಿಗೆ ಫೈಲು ಇತ್ತು, ಆಡಿದ ಮಾತಿಗೆ ಇರಲಿಲ್ಲ.

ಪಾಠ ಕಲಿಸಿದವರು ಒಬ್ಬ ನಿವೃತ್ತ ಮೇಷ್ಟರು. ಸೈಟು ಮಾರಿದ್ದರು, ಆ ಹಣದಲ್ಲಿ ಮನೆ ಕೊಳ್ಳುವ ಯೋಚನೆ. ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54ಎಫ್ ಪ್ರಕಾರ ಎರಡು ವರ್ಷದೊಳಗೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಮಾರಾಟದ ಲಾಭದ ಮೇಲಿನ ತೆರಿಗೆಯಿಂದ ವಿನಾಯಿತಿ ಸಿಗುತ್ತಿತ್ತು. ಆದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ, ಬಳಸದೆ ಉಳಿದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ, ಅಂದರೆ ಇಂಥ ಹಣಕ್ಕೆಂದೇ ಇರುವ ಪ್ರತ್ಯೇಕ ಖಾತೆಯಲ್ಲಿ, ಇಟ್ಟಿರಬೇಕಿತ್ತು. ಇದನ್ನೆಲ್ಲ ಎದುರು ಕೂರಿಸಿಕೊಂಡು ಹೇಳಿದ್ದೆ. ರಿಟರ್ನ್ ತುಂಬುವ ದಿನ ಫೋನ್ ಮಾಡಿ, “ಹಣ ಬ್ಯಾಂಕಿಗೆ ಹಾಕಿದಿರಾ ಸರ್?” ಎಂದು ಕೇಳಿದೆ. “ಹಾಕಿದ್ದೇನಪ್ಪ” ಎಂದರು. ಈಗಿನಂತೆ ಆಗ ಫಾರಂನಲ್ಲಿ ಆ ಖಾತೆಯ ಸಂಖ್ಯೆ ಕೇಳುತ್ತಿರಲಿಲ್ಲ. ನೋಟಿಸ್ ಬಂದ ಮೇಲೆ ತಿಳಿಯಿತು, ಅವರು ಹಾಕಿದ್ದು ಸಾಮಾನ್ಯ ಎಫ್‌ಡಿಗೆ. ತೆರಿಗೆಯ ಜೊತೆಗೆ ಬಡ್ಡಿಯನ್ನೂ ಕಟ್ಟಿದರು. “ನೀವು ಬ್ಯಾಂಕು ಎಂದಿರಿ, ಯಾವ ಖಾತೆ ಎನ್ನಲಿಲ್ಲ” ಎಂದರು. ಎಂದಿದ್ದೆ ಎಂದೇ ನನ್ನ ನೆನಪು. ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ: ಫೋನಿನಲ್ಲಿ ನಾನು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಅಂದಿನಿಂದ ಉದ್ದ ಪುಸ್ತಕವೊಂದರಲ್ಲಿ ಪುಟಕ್ಕೆ ಮೂರು ಕಾಲಂ ಗೆರೆ ಎಳೆದು ಬರೆಯುತ್ತೇನೆ: ನೋಡಿದ್ದು (ಕಾಗದಪತ್ರ), ಕೇಳಿದ್ದು (ಗ್ರಾಹಕರ ಬಾಯಿಂದ), ಹೇಳಿದ್ದು (ನನ್ನ ಸಲಹೆ). ಮೊದಲೆರಡನ್ನು ಬೇರೆ ಮಾಡಿದ್ದೇ ದೊಡ್ಡ ಉಪಕಾರ. ಬಾಡಿಗೆ ತೋರಿಸಿ ತೆರಿಗೆ ವಿನಾಯಿತಿ ಕೇಳಿದ ಒಬ್ಬ ಸಂಬಳದಾರರ ಪುಟ ಹೀಗಿದೆ: “ಕೇಳಿದ್ದು: ತಾಯಿಗೆ ತಿಂಗಳಿಗೆ 15,000 ಬಾಡಿಗೆ, ನಗದು. ನೋಡಿದ್ದು: ಏನೂ ಇಲ್ಲ. ಹೇಳಿದ್ದು: ಕರಾರು, ರಸೀದಿ ಬೇಕು, ವರ್ಷಕ್ಕೆ ಒಂದು ಲಕ್ಷ ಮೀರುವುದರಿಂದ ತಾಯಿಯ ಪ್ಯಾನ್ ಕೊಡಬೇಕು, ಬಾಡಿಗೆ ಅವರ ಆದಾಯದಲ್ಲಿ ಕಾಣಬೇಕು, ಮುಂದೆ ಬ್ಯಾಂಕಿನ ಮೂಲಕವೇ ಕೊಡಿ.” ಅವರು ಎದ್ದುಹೋದ ಮೇಲೆ ಸೇರಿಸಿದ ಸಾಲು: “ಮುಖ ಸಪ್ಪಗಾಯಿತು.” ಅದನ್ನು ಬರೆಯುವ ಅಗತ್ಯವಿರಲಿಲ್ಲ, ಬರೆದೆ.

ಪುಸ್ತಕ ನನ್ನದು. ಗ್ರಾಹಕರಿಗೆ ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಕಳುಹಿಸಿ ನೋಡಿದೆ, ಹೆಬ್ಬೆರಳಿನ ಚಿತ್ರ ಬರುತ್ತಿತ್ತೇ ಹೊರತು ಪ್ರಶ್ನೆ ಬರುತ್ತಿರಲಿಲ್ಲ. ಕನ್ನಡದಲ್ಲಾದರೆ ತಿರುಗಿ ಕೇಳುತ್ತಾರೆ.

ಗ್ರಾಹಕರು ಒಪ್ಪದ ಸಲಹೆಯನ್ನು ತಪ್ಪದೆ ಬರೆಯುತ್ತೇನೆ. 2024ರಲ್ಲಿ ಒಬ್ಬ ವ್ಯಾಪಾರಿ ಹಳೆಯ ತೆರಿಗೆ ಪದ್ಧತಿಯೇ (ವಿನಾಯಿತಿಗಳು ಹೆಚ್ಚು, ದರವೂ ಹೆಚ್ಚು) ಬೇಕೆಂದು ಪಟ್ಟು ಹಿಡಿದರು. ಎರಡೂ ಲೆಕ್ಕ ಹಾಕಿ ತೋರಿಸಿದರೂ ಕೇಳಲಿಲ್ಲ. ವ್ಯಾಪಾರದ ಆದಾಯವಿದ್ದವರು 10-ಐಇಎ ಎಂಬ ಆಗಿನ ಫಾರಂ ಸಲ್ಲಿಸಿ ಹೊಸ ಪದ್ಧತಿಯಿಂದ ಹೊರಹೋದರೆ ವಾಪಸು ಬರಲು ಒಂದೇ ಅವಕಾಶ. ಬಂದ ಮೇಲೆ, ವ್ಯಾಪಾರ ಇರುವವರೆಗೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಇಷ್ಟನ್ನೂ ಬರೆದು ಕಳುಹಿಸಿ, “ಸರಿ, ಹಳೆಯದೇ ಇರಲಿ” ಎಂಬ ಉತ್ತರ ಬಂದ ಮೇಲೆಯೇ ಫಾರಂ ಹಾಕಿದೆ. ಮರುವರ್ಷ ಅವರ ಮಗ ಬಂದು, “ಅಪ್ಪನಿಗೆ ಯಾಕೆ ಹೀಗೆ ಹೇಳಿದಿರಿ?” ಎಂದು ದನಿ ಏರಿಸಿದ. ಮೊಬೈಲ್ ಅವನ ಕೈಗೆ ಕೊಟ್ಟೆ. ಓದಿ ಕುರ್ಚಿ ಎಳೆದುಕೊಂಡು ಕುಳಿತ. ಆ ವರ್ಷದ ಲೆಕ್ಕ ಶುರುಮಾಡಿದೆವು.

ಜುಲೈ ಕೊನೆಯ ವಾರದ ರಿಟರ್ನ್ ಗಡಿಬಿಡಿಯಲ್ಲಿ ಪುಸ್ತಕ ಹಿಂದೆ ಬೀಳುತ್ತದೆ, ಅದು ನಿಜ. ಇನ್ನು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು, “ಜಮೀನು ಮಾರಿದರೆ ಟ್ಯಾಕ್ಸ್ ಬರುತ್ತದಾ ಸರ್?” ಎನ್ನುವವರು. ಅವರಿಗೆ ಮೊದಲಿನಂತೆ ಅಲ್ಲೇ ಉತ್ತರ ಕೊಡುವುದಿಲ್ಲ. ಕೈ ತೊಳೆದು ಬಂದು ನಂಬರ್ ತೆಗೆದುಕೊಳ್ಳುತ್ತೇನೆ.